ಸೊಂಟದ ಕಶೇರುಗಳ ಬೆಸುಗೆ: ಹಿಂದಿನ ದಾರಿ, ಮುಂದಿನ ದಾರಿ

ಬೆನ್ನೆಲುಬಿನ ಬೆಸುಗೆಗೆ ಮೊದಲು ದಾರಿಮಾಡಿಕೊಟ್ಟುದು ಸೊಂಟನೋವಲ್ಲ, ಕ್ಷಯರೋಗ. ಕ್ಷಯದಿಂದ ಕುಸಿಯುವ ಕಶೇರುಗಳನ್ನು ಬೆನ್ನಿನ ಕಡೆಯಿಂದ ಕೂಡಿಸುವ ಕ್ರಮಗಳನ್ನು 1911ರಲ್ಲಿ ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬೀ ಪ್ರತ್ಯೇಕವಾಗಿ ಪ್ರಕಟಿಸಿದರು. ಹಿಬ್ಸರು ಅಲ್ಲಿಯ ಎಲುಬನ್ನೇ ಬಳಸಿದರೆ, ಆಲ್ಬೀಯವರು ಮೊಣಕಾಲ ಕೆಳಗಿನ ಎಲುಬಿನ ತುಂಡನ್ನು ನಾಟಿದರು. ಈ ದಾರಿಯಲ್ಲಿ ಒತ್ತಿಹೋದ ನರವನ್ನು ಬಿಡಿಸಬಹುದು. ಆದರೆ ಸ್ನಾಯುಗಳನ್ನು ಎಲುಬಿನಿಂದ ಕಿತ್ತು ಸರಿಸಬೇಕು. 1933ರಲ್ಲಿ ಬರ್ನ್ಸರು, ಜಾರಿದ ಕಶೇರನ್ನು ಹೊಟ್ಟೆಯ ಕಡೆಯಿಂದ ಬೆಸೆದುದನ್ನು ವರದಿಮಾಡಿದರು. ಬೆನ್ನಿನ ಸ್ನಾಯುಗಳು ಉಳಿದವು. ಅಪಾಯವು ದೊಡ್ಡ ರಕ್ತನಾಳಗಳತ್ತ ಸರಿಯಿತು. ಯಾವುದು ಮೇಲೆಂಬ ವಾದಕ್ಕಿಂತ, ನರವು ಒತ್ತಿರುವ ಸ್ಥಳವೇ ದಾರಿಯನ್ನು ನಿರ್ಣಯಿಸುವುದು ಲೇಸೆಂದು ನನಗೆ ತೋರುತ್ತದೆ. ಯಾವ ದಾರಿಯಾದರೂ ಎಲುಬು ಕೂಡಲು ತಿಂಗಳುಗಳೇ ಬೇಕು. ಶಲವಡಿಯ ಎರೆಹೊಲದಲ್ಲಿ ಬಗ್ಗಿ ದುಡಿಯುವವನಿಗೆ ಅದು ಒಂದು ಹಂಗಾಮಿನ ಬೆಲೆ.