ಮೂಳೆಗೆ ‘ಸಾಕು’ ಎಂದವರಾರು?

ಎಡವಿ ಬಿದ್ದರೂ ಮೂಳೆ ಮುರಿಯದ ಮನುಷ್ಯರು ಈ ಭೂಮಿಯ ಮೇಲಿದ್ದಾರೆ! ಪುರಾಣದಲ್ಲಲ್ಲ, ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿ ನೆಲೆಸಿದ ಡಚ್ ಮೂಲದ ಆಫ್ರಿಕಾನರ್ ಜನರ ಕೆಲವೇ ಕುಟುಂಬಗಳಲ್ಲಿ ಹುಟ್ಟುವ ಕೆಲವು ಮಕ್ಕಳ ಮೂಳೆ ದಪ್ಪವಾಗುತ್ತದೆ, ಇನ್ನೂ ದಪ್ಪವಾಗುತ್ತದೆ, ನಿಲ್ಲುವುದೇ ಇಲ್ಲ. ಸ್ಕ್ಲೆರೋಸ್ಟಿಯೋಸಿಸ್ ಎಂಬ ಈ ಕಾಯಿಲೆ ವರವೇನಲ್ಲ. ತಲೆಬುರುಡೆ ಒಳಮುಖವಾಗಿಯೂ ಬೆಳೆದು ನರಗಳನ್ನು ಹಿಸುಕುತ್ತದೆ, ಕಿವಿ ಮಂದವಾಗುತ್ತದೆ, ಮುಖ ಸೊಟ್ಟಗಾಗುತ್ತದೆ, ಮಿದುಳಿಗೇ ಜಾಗ ಸಾಲದೆ ಹೋಗುತ್ತದೆ. ಆದರೆ 2001ರಲ್ಲಿ ಈ ಕುಟುಂಬಗಳ ರಕ್ತದಲ್ಲಿ ಕೆಟ್ಟುಹೋಗಿದ್ದ ಜೀನು ಯಾವುದೆಂದು ಗೊತ್ತಾದಾಗ, ಮೂಳೆಯ ಅತಿ ದೊಡ್ಡ ಗುಟ್ಟೊಂದು ಬಯಲಾಯಿತು. ಮೂಳೆಗೆ ‘ಸಾಕು, ಇನ್ನು ಕಟ್ಟಬೇಡ’ ಎಂದು ಹೇಳುವ ಪ್ರೋಟೀನು ಒಂದಿದೆ! ಅದರ ಹೆಸರು ಸ್ಕ್ಲೆರೋಸ್ಟಿನ್. ಅದು ಇಲ್ಲದ ಮಕ್ಕಳಲ್ಲಿ ಕಟ್ಟುವ ಕೆಲಸಕ್ಕೆ ಕೊನೆಯೇ ಇರಲಿಲ್ಲ.

ಹಾಗಾದರೆ ಮೂಳೆ ಕರಗುತ್ತಿರುವ ಅಜ್ಜಿಯೊಬ್ಬರ ಮೈಯಲ್ಲಿ ಆ ‘ಸಾಕು’ ಎನ್ನುವ ಬಾಯನ್ನು ಸ್ವಲ್ಪ ಕಾಲ ಮುಚ್ಚಿಸಿದರೆ? ಇಡೀ ಜಗತ್ತಿನ ಆಸ್ಟಿಯೋಪೊರೋಸಿಸ್ ರೋಗಿಗಳಿಗೆ ಹೊಸ ದಾರಿ ತೆರೆದದ್ದು ಇದೊಂದೇ ಪ್ರಶ್ನೆ. ಸ್ಕ್ಲೆರೋಸ್ಟಿನ್‌ನ ಬಾಯಿ ಮುಚ್ಚಿಸುವ ರೋಮೊಸೊಜುಮ್ಯಾಬ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ತಿಂಗಳಿಗೊಮ್ಮೆ, ಒಂದು ವರ್ಷ. ಯಾವುದೋ ದೇಶದ ಬೆರಳೆಣಿಕೆಯ ಮನೆಗಳ ನೋವು ಲೋಕದ ಅಜ್ಜಿಯರಿಗೆಲ್ಲ ಮದ್ದಾಯಿತು!

ಈ ಬೆರಗನ್ನು ಪೂರ್ತಿ ಅನುಭವಿಸಬೇಕಾದರೆ ಮೂಳೆಯೊಳಗೆ ಇಳಿಯಬೇಕು. ನಾವು ಸತ್ತ ಮೇಲೆ ಉಳಿಯುವುದು ಅದೇ ಆದ್ದರಿಂದ ಅದನ್ನು ಕಲ್ಲಿನ ಜಾತಿಗೆ ಸೇರಿಸಿಬಿಟ್ಟಿದ್ದೇವೆ. ಆದರೆ ಈ ಸಾಲು ಓದುತ್ತಿರುವಾಗಲೇ ನಿಮ್ಮ ಅಸ್ಥಿಪಂಜರದ ಲಕ್ಷಾಂತರ ಜಾಗಗಳಲ್ಲಿ ಅಗೆತ ನಡೆದಿದೆ. ಆಸ್ಟಿಯೋಕ್ಲಾಸ್ಟ್ ಎಂಬ ದೊಡ್ಡ ಜೀವಕೋಶ, ಒಂದರೊಳಗೇ ಹಲವು ನ್ಯೂಕ್ಲಿಯಸ್ ಇಟ್ಟುಕೊಂಡದ್ದು, ಮೂಳೆಯ ಮೇಲ್ಮೈಗೆ ಅಂಟಿ ಕೂರುತ್ತದೆ. ಸುತ್ತ ಅಂಚನ್ನು ಭದ್ರವಾಗಿ ಮುಚ್ಚಿಕೊಂಡು ಅಡಿಯಲ್ಲಿ ಆಮ್ಲ ಸುರಿಸುತ್ತದೆ. ಕ್ಯಾಲ್ಸಿಯಂ ಕರಗಿ ಸಣ್ಣ ಗುಂಡಿಯಾಗುತ್ತದೆ. ಅದರ ಹಿಂದೆಯೇ ಆಸ್ಟಿಯೋಬ್ಲಾಸ್ಟ್‌ಗಳ ಹಿಂಡು ಬಂದು ಹೊಸ ಮೂಳೆ ತುಂಬುತ್ತದೆ. ಅಗೆತಕ್ಕೆ ಕೆಲವು ವಾರ, ತುಂಬುವುದಕ್ಕೆ ತಿಂಗಳುಗಳು. ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಹೆಂಚು ಕೈಯಾಡಿಸುವಂತೆ, ಒಡೆದದ್ದನ್ನು ತೆಗೆದು ಗಟ್ಟಿಯಾದದ್ದನ್ನು ಕೂರಿಸುವ ಕೆಲಸ ಇದು. ವರ್ಷಕ್ಕೆ ಅಸ್ಥಿಪಂಜರದ ಸುಮಾರು ಶೇ. 10ರಷ್ಟು ಹೀಗೆ ಹೊಸದಾಗುತ್ತದೆ!

ತೆಗೆಯುವವರ ಕೈ ಮುಂದಾಗಿ ಕೂರಿಸುವವರ ಕೈ ಸೋತಾಗ ಆಸ್ಟಿಯೋಪೊರೋಸಿಸ್. ಮುಟ್ಟು ನಿಂತ ಹೆಂಗಸರಲ್ಲಿ ಅಗೆಯುವ ಕೋಶಗಳನ್ನು ಅಂಕೆಯಲ್ಲಿಟ್ಟಿದ್ದ ಈಸ್ಟ್ರೋಜನ್ ಇಳಿಯುತ್ತದೆ. ಮೊದಲ ಕೆಲವು ವರ್ಷ ಮೂಳೆ ಬೇಗ ಬೇಗ ಹೋಗುತ್ತದೆ. ನೋವಿಲ್ಲ, ಜ್ವರವಿಲ್ಲ, ಸುಳಿವೇ ಇಲ್ಲ. ಆಷಾಢದ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿದಾಗ ತೊಡೆಮೂಳೆಯ ಕುತ್ತಿಗೆ ಮುರಿಯುತ್ತದೆ. ‘ವಯಸ್ಸಾಯ್ತಲ್ಲ, ಬೆನ್ನು ಬಾಗಿದೆ’ ಎಂದು ನಾವು ಸುಮ್ಮನಾಗುವ ಎಷ್ಟೋ ಗೂನುಗಳು ಬೆನ್ನುಮೂಳೆಯ ಮಣಿಗಳು ಒಂದೊಂದಾಗಿ ಕುಸಿದು ಆದ ಮುರಿತಗಳು. ಇದು ತಿಳಿದ ಮೇಲೆ ಬಾಗಿದ ಬೆನ್ನನ್ನು ಮೊದಲಿನಂತೆ ನೋಡಲು ನನ್ನಿಂದಾಗಿಲ್ಲ.

ಮುರಿಯುವ ಮೊದಲೇ ಹಿಡಿಯಲು ಡೆಕ್ಸಾ ಸ್ಕ್ಯಾನ್ ಇದೆ. ಹಾಸಿಗೆಯ ಮೇಲೆ ಕೆಲವು ನಿಮಿಷ ಮಲಗಿದರೆ ಸಾಕು. ಅದು ಹೇಳುವ ಮೂಳೆಸಾಂದ್ರತೆಯ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಮದ್ದುಗಳ ಕಥೆಯಂತೂ ಒಂದಕ್ಕಿಂತ ಒಂದು ಸೋಜಿಗ. ನೀರಿನ ಕೊಳವೆಗಳಲ್ಲಿ ಸುಣ್ಣ ಕಟ್ಟದಂತೆ ಬಳಸುತ್ತಿದ್ದ ಬಗೆಯ ರಾಸಾಯನಿಕಗಳೇ ಮೂಳೆಯಲ್ಲೂ ಕೆಲಸ ಮಾಡಬಹುದೆಂದು 1960ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹರ್ಬರ್ಟ್ ಫ್ಲೈಷ್ ಮತ್ತು ಜೊತೆಗಾರರು ಕಂಡುಕೊಂಡರು. ಇವತ್ತು ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಆ ವಂಶದ್ದೇ. ಬರಿಹೊಟ್ಟೆಯಲ್ಲಿ, ಲೋಟದ ತುಂಬ ಬರೀ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ಕಾಫಿಯ ಜೊತೆ ನುಂಗಿದರೆ ಅದು ಮೈಗೆ ಹಿಡಿಯುವುದೇ ಕಷ್ಟ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಸಿಡ್ ಕೂಡ ಅದೇ ಕುಲ. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್ ಬೇರೆ. ಅದನ್ನು ವೈದ್ಯರನ್ನು ಕೇಳದೆ ನಡುವೆ ಬಿಡಲೇಬಾರದು, ಬಿಟ್ಟರೆ ಬೆನ್ನುಮೂಳೆಗಳು ಸಾಲಾಗಿ ಮುರಿಯುವ ಅಪಾಯವಿದೆ. ಟೆರಿಪರಾಟೈಡ್ ಇನ್ನೂ ವಿಚಿತ್ರ! ಸದಾ ಹೆಚ್ಚಿದ್ದರೆ ಮೂಳೆಯನ್ನು ಕರಗಿಸುವ ಪ್ಯಾರಾಥೈರಾಯ್ಡ್ ಹಾರ್ಮೋನಿನ ತುಂಡೇ ಅದು. ದಿನಕ್ಕೊಮ್ಮೆ ಚಿಟಿಕೆಯಷ್ಟು ಕೊಟ್ಟರೆ ಮೂಳೆ ಕಟ್ಟುತ್ತದೆ.

ಊಟದ ಮಾತು ಒಂದೇ: ಅಕ್ಕಿಯಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು. ಅನ್ನವನ್ನೇ ನೆಚ್ಚಿದ ಮಲೆನಾಡಿನ ತಟ್ಟೆಗೆ ರಾಗಿ, ಮೊಸರು ಬೇಕೇ ಬೇಕು.

ಈಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿಗೆ ಬರುತ್ತೇನೆ. ಆಫ್ರಿಕಾನರ್ ಕುಟುಂಬಗಳ ಆ ದಪ್ಪ ಮೂಳೆಯನ್ನು 1970ರ ದಶಕದಲ್ಲಿ ಕೂಲಂಕಷವಾಗಿ ಅಭ್ಯಾಸ ಮಾಡಿದವರಲ್ಲಿ ಮುಖ್ಯರು ಕೇಪ್‌ಟೌನಿನ ಪೀಟರ್ ಬೇಟನ್. ಅದೇ ಹೆಸರು 1997ರ ಇನ್ನೊಂದು ಪ್ರಬಂಧದಲ್ಲೂ ಇದೆ. ಲಖನೌದ ಎಸ್.ಎಸ್. ಅಗರವಾಲ್, ಶುಭಾ ಫಡ್ಕೆ ಅವರೊಂದಿಗೆ ಅವರು ಬರೆದದ್ದು ಯಾವುದರ ಬಗ್ಗೆ ಅಂತೀರಿ? ನಮ್ಮ ಹಂದಿಗೋಡು ಕಾಯಿಲೆಯ ಬಗ್ಗೆ!

ಹಂದಿಗೋಡು ಸಾಗರ ತಾಲೂಕಿನ ಊರು. 1970ರ ದಶಕದ ಮಧ್ಯದಲ್ಲಿ ಅಲ್ಲಿ ಕಾಯಿಲೆ ಗಮನಕ್ಕೆ ಬಂತು. ಆಮೇಲೆ ಹುಡುಕುತ್ತಾ ಹೋದಂತೆ ಶಿವಮೊಗ್ಗ ಜಿಲ್ಲೆಯ ಬೇರೆ ತಾಲೂಕುಗಳಲ್ಲೂ, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲೂ ಅದೇ ಕಾಯಿಲೆ ಕಂಡಿತು. ಎಳೆಯ ವಯಸ್ಸಿನಲ್ಲೇ ಸೊಂಟ, ಮಂಡಿ ನೋವು. ನಡೆಯುವಾಗ ಮೈ ಅತ್ತಿತ್ತ ತೊನೆಯುತ್ತದೆ. ಆಮೇಲೆ ಕೋಲು, ಕೆಲವರಿಗೆ ಅದೂ ಸಾಲದೆ ನೆಲದ ಮೇಲೆ ತೆವಳು. ಬಳಲಿದವರು ಹೆಚ್ಚಾಗಿ ಚನ್ನಂಗಿ, ಛಲವಾದಿ ಎಂಬ ದಲಿತ ಸಮುದಾಯಗಳವರು. ಹೊಸ ತಳಿಯ ಭತ್ತಕ್ಕೆ ಹೊಡೆದ ಕೀಟನಾಶಕ ಗದ್ದೆಯ ಏಡಿಗೆ ಸೇರಿ, ಏಡಿಯಿಂದ ಕೂಲಿಯವರ ಮೈಗೆ ಸೇರಿತೆಂಬ ಅನುಮಾನ ಆಗ ಬಲವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ‘ಮಲೆನಾಡಿನ ಕೌಟುಂಬಿಕ ಸಂಧಿವಾತ’ ಎಂದು ಇದನ್ನು ವರದಿ ಮಾಡಿದರು.

ಉತ್ತರ ಸಿಕ್ಕಿದ್ದು ವಂಶವೃಕ್ಷ ಬಿಡಿಸಿದಾಗ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ, ಗಂಡು ಹೆಣ್ಣೆನ್ನದೆ, ತಲೆಮಾರು ತಲೆಮಾರಿಗೂ. ಒಬ್ಬರಿಂದ ಬಂದ ಒಂದೇ ಕೆಟ್ಟ ಜೀನು ಸಾಕು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಎಕ್ಸ್‌ರೇ ನೋಡಿದರೆ ಕರುಳು ಚುರುಕ್ಕೆನ್ನುತ್ತದೆ: ಗುಂಡಗಿರಬೇಕಾದ ತೊಡೆಮೂಳೆಯ ತಲೆ ಚಪ್ಪಟೆ, ಕೀಲಿನ ಸಂದು ಮಾಯ. ಕೆಲವರಲ್ಲಿ ಬೆನ್ನುಮೂಳೆಯ ಮಣಿಗಳೂ ಚಪ್ಪಟೆಯಾಗಿ ಮೈಯೇ ಗಿಡ್ಡ. ಇದು ಆಸ್ಟಿಯೋಪೊರೋಸಿಸ್ ಅಲ್ಲ. ಅಲ್ಲಿ ಕಟ್ಟಿದ್ದು ಕರಗುತ್ತದೆ, ಇಲ್ಲಿ ಕಟ್ಟುವಾಗಲೇ ಮೂಳೆಯ ತುದಿ ತಪ್ಪುತ್ತದೆ.

ಬೇಟನ್ ಮತ್ತು ಅಗರವಾಲ್ ಅವರ ಪ್ರಬಂಧ ಹಂದಿಗೋಡನ್ನು ಹೋಲಿಸಿದ್ದು ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬ ಹಳ್ಳಿಗಾಡಿನ ಕೀಲುಬೇನೆಯೊಂದಿಗೆ. ಸಮುದ್ರದಾಚೆ, ಜುಲು ನಾಡಿನ ಬಡವರ ಸೊಂಟದಲ್ಲೂ ಹೆಚ್ಚುಕಡಿಮೆ ಇದೇ ನೋವು! ಒಂದೇ ದೇಶದ ಎರಡು ಮೂಳೆ ಕಾಯಿಲೆಗಳಲ್ಲಿ ಒಂದು ಜಗತ್ತಿಗೆ ಮದ್ದು ಕೊಟ್ಟಿತು. ಇನ್ನೊಂದರ ಹತ್ತಿರದ ನೆಂಟ ನಮ್ಮ ತುಂಗೆಯ ಸೀಮೆಯಲ್ಲಿದೆ. ಮೂಳೆಯ ತುದಿ ದುಂಡಗೆ ಬೆಳೆಯುವುದು ಹೇಗೆ, ಕೀಲು ಸವೆಯುವುದೇಕೆ ಎಂಬ ಪ್ರಶ್ನೆಗಳಿಗೆ ಈ ಮನೆಗಳ ರಕ್ತದಲ್ಲಿ ಯಾವ ಬೀಗದ ಕೈ ಇದೆಯೋ! ಆ ರಕ್ತವನ್ನು ಕೊಟ್ಟವರಿಗೇ ಅದರ ಮೊದಲ ಫಲ ಸೇರಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹಂದಿಗೋಡು ಕಾಯಿಲೆಯನ್ನು ಬುಡಸಮೇತ ಕೀಳುವ ಮದ್ದು ಇಲ್ಲ. ನೋವಿನ ಮಾತ್ರೆ, ಫಿಸಿಯೋಥೆರಪಿ, ಮದುವೆಯ ವಯಸ್ಸಿನವರಿಗೆ ಆನುವಂಶಿಕ ಸಲಹೆ, ಸೊಂಟದ ಕೀಲು ಪೂರ್ತಿ ಹಾಳಾದವರಿಗೆ ಕೃತಕ ಕೀಲು. ಮ್ಸೆಲೆನಿಯಲ್ಲಿ ಆ ಶಸ್ತ್ರಚಿಕಿತ್ಸೆ ನಡೆದದ್ದು ದೂರದ ಮಹಾನಗರದಲ್ಲಲ್ಲ, ಮ್ಸೆಲೆನಿಯ ಹಳ್ಳಿ ಆಸ್ಪತ್ರೆಯಲ್ಲೇ. ಕೀಲು ಬದಲಿಸುವ ತಂಡವೊಂದು ವರ್ಷಕ್ಕೊಮ್ಮೆ ಕೊಪ್ಪಕ್ಕೆ ಬರುವಂತಾದರೆ, ಶೃಂಗೇರಿಯಿಂದಲೂ ನರಸಿಂಹರಾಜಪುರದಿಂದಲೂ ಬೆಳಗಿನ ಬಸ್ಸಿನಲ್ಲೇ ಅಲ್ಲಿಗೆ ಮುಟ್ಟಬಹುದು.