ಉದರಶೂಲೆಯನ್ನು ಕಡೆಗಣಿಸದಿರಿ: ಮೇದೋಜೀರಕ ಗ್ರಂಥಿಯ ಉರಿಯೂತ

ಹೊಟ್ಟೆನೋವು ಬಾರದ ಮನುಷ್ಯನಿಲ್ಲ. ಉಂಡದ್ದು ಹೆಚ್ಚಾದರೂ ನೋವು, ಹೊತ್ತು ಮೀರಿ ಉಂಡರೂ ನೋವು. ಆದ್ದರಿಂದಲೇ ಮನೆಯ ಹಿರಿಯರು ಓಮದ ಕಾಳು, ಜೀರಿಗೆ, ಇಂಗು ಮೊದಲಾದವನ್ನು ಸದಾ ಕೈಗೆಟುಕುವಂತೆ ಇರಿಸಿಕೊಂಡಿರುತ್ತಾರೆ. ಬಹಳಷ್ಟು ಸಲ ಒಂದು ಲೋಟ ಕಷಾಯದಿಂದಲೇ ನೋವು ಶಮನವಾಗುವುದೂ ಉಂಟು. ಆದರೆ ಇಂಥ ಮನೆಮದ್ದಿಗೆ ಮಣಿಯದ, ಮಣಿದೀತೆಂದು ಕಾಯುತ್ತ ಕುಳಿತರೆ ಪ್ರಾಣಕ್ಕೇ ಸಂಚಕಾರ ತರುವ ಉದರಶೂಲೆಯೊಂದಿದೆ. ಅದೇ ಮೇದೋಜೀರಕ ಗ್ರಂಥಿಯ ಉರಿಯೂತ. ವೈದ್ಯರು ಇದನ್ನು ಪ್ಯಾಂಕ್ರಿಯಾಟೈಟಿಸ್ ಎಂದು ಕರೆಯುತ್ತಾರೆ.

ಈ ವ್ಯಾಧಿಯ ವಿಷಯದಲ್ಲಿ ಜನರಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬೇರೂರಿವೆ. ಇದು ಬರೀ ಗ್ಯಾಸು, ತಾನೇ ಇಳಿಯುತ್ತದೆ ಎಂಬುದು ಒಂದು. ಇದು ಕುಡುಕರ ಕಾಯಿಲೆ, ನಮ್ಮಂಥವರ ಮನೆಗೆ ಬಾರದು ಎಂಬುದು ಇನ್ನೊಂದು. ಮೊದಲನೆಯದರಿಂದ ಚಿಕಿತ್ಸೆಗೆ ತಡವಾಗುತ್ತದೆ. ಎರಡನೆಯದರಿಂದ ಮದ್ಯವನ್ನು ಮುಟ್ಟದ ಮನೆಗಳು ಇಲ್ಲದ ನಿಶ್ಚಿಂತೆಯಲ್ಲಿರುತ್ತವೆ. ರೋಗ ಬಂದವರು ನಿಷ್ಕಾರಣವಾಗಿ ತಲೆತಗ್ಗಿಸಬೇಕಾಗುತ್ತದೆ. ಈ ಎರಡೂ ದೂರವಾಗಬೇಕಾದರೆ ಗ್ರಂಥಿಯ ಸ್ವರೂಪವನ್ನು ತುಸು ಅರಿಯಬೇಕು.

ಗ್ರಂಥಿಯ ಸ್ವರೂಪ ಮತ್ತು ಕಾರ್ಯ

ಮೇದಸ್ಸೆಂದರೆ ಕೊಬ್ಬು, ಅದನ್ನು ಜೀರ್ಣಿಸುವುದು ಮೇದೋಜೀರಕ. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಈ ಗ್ರಂಥಿಯ ಉದ್ದ ಸುಮಾರು ೧೫ ಸೆಂಟಿಮೀಟರ್. ತೂಕ ೮೦ರಿಂದ ೧೦೦ ಗ್ರಾಂ. ಆಕಾರದಲ್ಲಿ ಚಿಕ್ಕದಾದರೂ ಇದು ಮಾಡುವ ಕೆಲಸ ಎರಡು ಬಗೆಯದು. ದಿನಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ಪಾಚಕ ರಸವನ್ನು ಸ್ರವಿಸಿ, ನಾಳದ ಮೂಲಕ ಸಣ್ಣಕರುಳಿಗೆ ಕಳುಹಿಸುವುದು ಒಂದು. ಇನ್ಸುಲಿನ್ ಮುಂತಾದ ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಸೇರಿಸಿ, ಸಕ್ಕರೆಯ ಅಂಶವನ್ನು ಹದದಲ್ಲಿಡುವುದು ಮತ್ತೊಂದು.

ಈ ಪಾಚಕ ರಸವು ಹಿಟ್ಟು, ಬೇಳೆ, ತುಪ್ಪ ಎಲ್ಲವನ್ನೂ ಕರಗಿಸಬಲ್ಲದು. ಹಾಗಾದರೆ ಅದು ತನ್ನನ್ನು ಹೆತ್ತ ಗ್ರಂಥಿಯನ್ನೇ ಏಕೆ ಕರಗಿಸುವುದಿಲ್ಲ? ನಿಸರ್ಗವು ಇದಕ್ಕೊಂದು ಏರ್ಪಾಡು ಮಾಡಿದೆ. ರಸದಲ್ಲಿರುವ ಪ್ರಬಲ ಕಿಣ್ವಗಳು ಗ್ರಂಥಿಯೊಳಗೆ ನಿದ್ರಾವಸ್ಥೆಯಲ್ಲಿದ್ದು, ಕರುಳನ್ನು ತಲುಪಿದ ಮೇಲೆಯೇ ಎಚ್ಚರಗೊಳ್ಳುತ್ತವೆ. ಯಾವುದೋ ಕಾರಣದಿಂದ ಅವು ಗ್ರಂಥಿಯಲ್ಲೇ ಎಚ್ಚೆತ್ತರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ, ಗ್ರಂಥಿಯು ತನ್ನ ರಸಕ್ಕೆ ತಾನೇ ಆಹಾರವಾಗುತ್ತದೆ. ಅದು ಬಾತುಕೊಳ್ಳುತ್ತದೆ. ಉರಿಯೂತವು ಉಲ್ಬಣಿಸಿದರೆ ಗ್ರಂಥಿಯ ಭಾಗಗಳು ಕೊಳೆಯಲೂಬಹುದು. ಶ್ವಾಸಕೋಶ, ಮೂತ್ರಪಿಂಡಗಳೂ ಘಾಸಿಗೊಳ್ಳಬಹುದು.

ಲಕ್ಷಣಗಳು

ಹಠಾತ್ತನೆ ಬರುವ ಉರಿಯೂತದ ಮುಖ್ಯ ಲಕ್ಷಣವೆಂದರೆ ಹೊಟ್ಟೆಯ ಮೇಲ್ಭಾಗದಲ್ಲಿ, ಎದೆಗೂಡಿನ ಕೆಳಗೆ ಕಾಣಿಸಿಕೊಳ್ಳುವ ತೀವ್ರ ನೋವು. ಅದು ಬೆನ್ನಿಗೆ ತೂರಿ ಹೋದಂತೆ, ನಡುವಿಗೆ ಪಟ್ಟಿ ಬಿಗಿದಂತೆ ಭಾಸವಾಗುತ್ತದೆ. ಗ್ಯಾಸಿನ ನೋವು ಬಂದು ಹೋಗುತ್ತದೆ. ಇದು ಹಾಗಲ್ಲ, ತಾಸುಗಟ್ಟಲೆ ಬಿಡದೆ ಹಿಡಿದಿರುತ್ತದೆ. ಅಂಗಾತ ಮಲಗಿದರೆ ನೋವು ಹೆಚ್ಚುತ್ತದೆ. ಮುಂದಕ್ಕೆ ಬಾಗಿ ಕುಳಿತರೆ ಕೊಂಚ ಹಗುರೆನಿಸುತ್ತದೆ. ಮೇಲಿಂದ ಮೇಲೆ ವಾಂತಿಯಾಗುತ್ತದೆ, ಆದರೆ ವಾಂತಿಯಾದ ಮೇಲೂ ಸಮಾಧಾನವಿಲ್ಲ. ಹೊಟ್ಟೆ ಉಬ್ಬರಿಸಬಹುದು, ಜ್ವರ ಬರಬಹುದು, ನಾಡಿ ವೇಗವಾಗಬಹುದು. ಪಿತ್ತನಾಳದಲ್ಲಿ ಕಲ್ಲು ಸಿಲುಕಿದ್ದರೆ ಕಣ್ಣು, ಮೂತ್ರ ಹಳದಿಗಟ್ಟುವುದೂ ಉಂಟು.

ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಮೈ ತಣ್ಣಗಾಗಿ ಬೆವರುವುದು, ಮಾತು ತಡವರಿಸುವುದು ಇವು ಗಂಡಾಂತರದ ಸೂಚನೆಗಳು. ಹೃದಯಾಘಾತದ ನೋವು ಕೂಡ ಕೆಲವೊಮ್ಮೆ ಇದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಎಡೆಬಿಡದ ಇಂಥ ನೋವು ಬಂದಾಗ ಯಾವ ರೋಗವೆಂದು ಮನೆಯಲ್ಲೇ ತರ್ಕಿಸುತ್ತ ಕೂರದೆ, ೧೦೮ಕ್ಕೆ ಕರೆ ಮಾಡಿಯಾದರೂ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದು ವಿವೇಕ.

ಕಾರಣಗಳು

ಈ ವ್ಯಾಧಿಗೆ ಪ್ರಮುಖ ಕಾರಣಗಳು ಎರಡು: ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ. ಪಿತ್ತರಸವನ್ನು ಒಯ್ಯುವ ನಾಳವೂ ಮೇದೋಜೀರಕ ನಾಳವೂ ಸಣ್ಣಕರುಳನ್ನು ಸೇರುವೆಡೆಯಲ್ಲಿ ಬಹುತೇಕ ಜನರಲ್ಲಿ ಒಂದಾಗುತ್ತವೆ. ಪಿತ್ತಕೋಶದಿಂದ ಜಾರಿದ ಸಣ್ಣ ಕಲ್ಲೊಂದು ಈ ಬಾಯಲ್ಲಿ ಸಿಲುಕಿದರೆ ಗ್ರಂಥಿಯ ರಸಕ್ಕೆ ದಾರಿ ಕಟ್ಟುತ್ತದೆ. ೧೯೦೧ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವೈದ್ಯ ಯೂಜೀನ್ ಓಪಿ ಅವರು ಈ ಕಾಯಿಲೆಯಿಂದ ಮೃತನಾದ ರೋಗಿಯ ಶವಪರೀಕ್ಷೆಯಲ್ಲಿ ಅಂಥ ಕಲ್ಲನ್ನು ಕಂಡು, ಕಲ್ಲಿಗೂ ಉರಿಯೂತಕ್ಕೂ ಇರುವ ನಂಟನ್ನು ಜಗತ್ತಿಗೆ ತಿಳಿಸಿದರು.

ಪಿತ್ತಕೋಶದ ಕಲ್ಲು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಸ್ಥೂಲಕಾಯ, ಗರ್ಭಧಾರಣೆ, ಅತಿ ಶೀಘ್ರವಾಗಿ ತೂಕ ಇಳಿಸುವುದು, ದೀರ್ಘಕಾಲದ ಉಪವಾಸ ಇವೆಲ್ಲ ಅದಕ್ಕೆ ಪೋಷಕ. ಸಸ್ಯಾಹಾರಿಗಳಾಗಿದ್ದೇವೆ, ದುಶ್ಚಟಗಳಿಲ್ಲ ಎಂಬ ಮಾತ್ರಕ್ಕೆ ಕಲ್ಲು ಬಾರದಿರುವುದಿಲ್ಲ. ಊಟವಾದ ಮೇಲೆ ಬಲಪಕ್ಕೆಯಲ್ಲಿ ಪದೇಪದೇ ಬರುವ ನೋವನ್ನು ಮನೆಕೆಲಸದ ನಡುವೆ ನುಂಗಿಕೊಳ್ಳುವ ತಾಯಂದಿರು ಎಷ್ಟೋ ಮನೆಗಳಲ್ಲಿದ್ದಾರೆ. ಅವರಿಗೆ ಒಮ್ಮೆ ಸ್ಕ್ಯಾನಿಂಗ್ ಮಾಡಿಸುವುದು ಮನೆಯವರ ಹೊಣೆ.

ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಡೆಸಿಲೀಟರಿಗೆ ೧೦೦೦ ಮಿಲಿಗ್ರಾಂ ಮೀರಿದರೆ ಅದೂ ಕಾರಣವಾಗಬಲ್ಲದು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ ಹೀಗಾಗುವುದುಂಟು. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚುವುದು, ಕೆಲವು ಔಷಧಿಗಳು, ಮಂಗನಬಾವು, ಸೈಕಲ್ಲಿನ ಹ್ಯಾಂಡಲ್ ಹೊಟ್ಟೆಗೆ ಬಡಿದು ಮಕ್ಕಳಿಗಾಗುವ ಪೆಟ್ಟು, ವಂಶವಾಹಿಯ ದೋಷ ಇವೂ ಕಾರಣಗಳ ಸಾಲಿನಲ್ಲಿವೆ. ಧೂಮಪಾನವು ತಾನೇ ಒಂದು ಕಾರಣವಾಗಿರುವುದಲ್ಲದೆ, ಮದ್ಯದ ಹಾನಿಯನ್ನೂ ಹೆಚ್ಚಿಸುತ್ತದೆ. ಎಷ್ಟು ಹುಡುಕಿದರೂ ಕಾರಣ ಸಿಗದ ರೋಗಿಗಳೂ ಇದ್ದಾರೆ.

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ಹೇಳಲೇಬೇಕು. ಹಿರಿಯರು ಸುತ್ತ ನಿಂತಿರುವಾಗ ವೈದ್ಯರು ಮದ್ಯಪಾನದ ಬಗ್ಗೆ ಕೇಳಿದರೆ, ಕುಡಿಯುವವನೂ ಇಲ್ಲವೆಂದೇ ಹೇಳುತ್ತಾನೆ. ಮನೆಯ ಮರ್ಯಾದೆಗಾಗಿ ಆಡಿದ ಆ ಸುಳ್ಳು ಚಿಕಿತ್ಸೆಯ ದಿಕ್ಕನ್ನೇ ತಪ್ಪಿಸಬಹುದು. ರೋಗಿಯು ವೈದ್ಯರೊಡನೆ ಏಕಾಂತದಲ್ಲಿ ಮಾತಾಡಲು ಮನೆಯವರು ಎಡೆಮಾಡಿಕೊಡಬೇಕು. ಹಾಗೆಯೇ, ಈ ಕಾಯಿಲೆ ಬಂದವರನ್ನೆಲ್ಲ ಕುಡುಕರೆಂದು ಶಂಕಿಸುವುದೂ ಸಲ್ಲದು.

ಪರೀಕ್ಷೆ ಮತ್ತು ಚಿಕಿತ್ಸೆ

ರಕ್ತದಲ್ಲಿ ಲೈಪೇಸ್ ಅಥವಾ ಅಮೈಲೇಸ್ ಎಂಬ ಕಿಣ್ವದ ಪ್ರಮಾಣವು ಸಾಮಾನ್ಯ ಮಿತಿಯ ಮೂರು ಪಟ್ಟು ಮೀರಿದ್ದು, ನೋವೂ ಮೇಲೆ ಹೇಳಿದ ಸ್ವರೂಪದ್ದಾಗಿದ್ದರೆ ರೋಗವು ನಿಶ್ಚಿತವೆನ್ನಬಹುದು. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಲು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡುತ್ತಾರೆ. ಸಿ.ಟಿ. ಸ್ಕ್ಯಾನ್ ಎಲ್ಲರಿಗೂ ಮೊದಲ ದಿನವೇ ಬೇಕಾಗುವುದಿಲ್ಲ. ಗ್ರಂಥಿ ಕೊಳೆತಿದ್ದರೆ ಅದು ಸ್ಪಷ್ಟವಾಗಿ ಕಾಣುವುದು ಮೂರು ನಾಲ್ಕು ದಿನಗಳ ತರುವಾಯ.

"ಇಷ್ಟು ದೊಡ್ಡ ಆಸ್ಪತ್ರೆಗೆ ಬಂದರೂ ಡ್ರಿಪ್ ಬಿಟ್ಟರೆ ಬೇರೇನನ್ನೂ ಕೊಡುತ್ತಿಲ್ಲ" ಎಂದು ರೋಗಿಯ ಕಡೆಯವರು ಕಳವಳಪಡುವುದು ಸಹಜ. ಈ ಉರಿಯೂತವನ್ನು ನೇರವಾಗಿ ಶಮನಗೊಳಿಸುವ ಔಷಧಿಯಿಲ್ಲ. ರಕ್ತನಾಳದ ಮೂಲಕ ದ್ರವಗಳನ್ನು ನೀಡುವುದು, ನೋವನ್ನು ತಗ್ಗಿಸುವುದು, ಉಸಿರಾಟ ಮತ್ತು ಮೂತ್ರದ ಪ್ರಮಾಣದ ಮೇಲೆ ನಿಗಾ ಇಡುವುದು, ಇವೇ ಮೊದಲ ದಿನಗಳ ಚಿಕಿತ್ಸೆ. ಡ್ರಿಪ್ ಹೆಚ್ಚಾದಷ್ಟೂ ಒಳ್ಳೆಯದೆಂಬುದೂ ಸರಿಯಲ್ಲ. ಅತಿಯಾದರೆ ದೇಹದಲ್ಲಿ ದ್ರವ ತುಂಬಿಕೊಂಡು ಹಾನಿಯಾಗುತ್ತದೆಂದು ೨೦೨೨ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸೋಂಕಿನ ಗುರುತಿಲ್ಲದಿರುವಾಗ ಆ್ಯಂಟಿಬಯೋಟಿಕ್‌ಗಳೂ ಬೇಕಿಲ್ಲ.

ಹಿಂದೆ ರೋಗಿಯನ್ನು ಹಲವು ದಿನ ಉಪವಾಸ ಕೆಡವುತ್ತಿದ್ದರು. ಈಗ ಆ ಪದ್ಧತಿ ಬದಲಾಗಿದೆ. ವಾಂತಿ ನಿಂತು ಹಸಿವು ಕಾಣಿಸಿಕೊಂಡೊಡನೆ ಕೊಬ್ಬು ಕಡಿಮೆಯಿರುವ ಮೆತ್ತನೆಯ ಆಹಾರವನ್ನು ಕೊಡುತ್ತಾರೆ. ಉಣ್ಣಲಾಗದವರಿಗೆ ನಳಿಕೆಯ ಮೂಲಕ ಕರುಳಿಗೇ ಆಹಾರ ಒದಗಿಸುತ್ತಾರೆ. ನೂರರಲ್ಲಿ ಸುಮಾರು ಎಂಬತ್ತು ಮಂದಿಗೆ ರೋಗವು ಸೌಮ್ಯವಾಗಿದ್ದು, ವಾರದೊಳಗೆ ಗುಣಮುಖರಾಗುತ್ತಾರೆ. ಉಳಿದವರಲ್ಲಿ ತೊಡಕುಗಳು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ತೀವ್ರ ನಿಗಾ ಘಟಕವೇ ಗತಿ. ಕೊಳೆತ ಭಾಗಕ್ಕೆ ಸೋಂಕು ತಗುಲಿದರೂ ಅವಸರದ ಶಸ್ತ್ರಕ್ರಿಯೆಗಿಂತ, ಮೊದಲು ನಳಿಕೆಯಿಂದ ಕೀವನ್ನು ಹೊರತೆಗೆದು, ಅಗತ್ಯವಿದ್ದರಷ್ಟೇ ಹಂತಹಂತವಾಗಿ ಮುಂದುವರಿಯುವ ಕ್ರಮವೇ ಲೇಸೆಂದು ೨೦೧೦ರಲ್ಲಿ ನೆದರ್ಲೆಂಡ್ಸಿನ ವೈದ್ಯರು ತೋರಿಸಿಕೊಟ್ಟರು.

ನೋವು ನಿಂತಿತೆಂದು ಮರೆಯಬೇಡಿ

ಬಹುತೇಕ ಕುಟುಂಬಗಳು ಎಡವುವುದು ಇಲ್ಲಿಯೇ. ಕಲ್ಲಿನಿಂದ ಬಂದ ಸೌಮ್ಯ ಉರಿಯೂತ ಗುಣವಾದ ಮೇಲೆ ಪಿತ್ತಕೋಶವನ್ನು ತೆಗೆಸಿಬಿಡಿ ಎಂದು ವೈದ್ಯರು ಹೇಳುತ್ತಾರೆ. ನೋವು ಹೋಗಿದೆಯಲ್ಲ, ಸುಗ್ಗಿ ಮುಗಿಯಲಿ, ಮಗಳ ಮದುವೆಯಾಗಲಿ ಎಂದು ಮನೆಯವರು ಮುಂದೂಡುತ್ತಾರೆ. ಕಲ್ಲಾದರೋ ಯಾರ ಮುಹೂರ್ತವನ್ನೂ ನೋಡುವುದಿಲ್ಲ. ೨೦೧೫ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಇನ್ನೊಂದು ಅಧ್ಯಯನದಲ್ಲಿ, ಆಸ್ಪತ್ರೆಯಿಂದ ಮನೆಗೆ ಹೋಗುವ ಮೊದಲೇ ಪಿತ್ತಕೋಶ ತೆಗೆಸಿಕೊಂಡವರಲ್ಲಿ ನೂರಕ್ಕೆ ೫ ಮಂದಿಗೆ ಮಾತ್ರ ತೊಂದರೆ ಮರುಕಳಿಸಿತು. ಸುಮಾರು ನಾಲ್ಕು ವಾರ ಕಾದವರಲ್ಲಿ ಆ ಸಂಖ್ಯೆ ೧೭. ಮರುಕಳಿಸಿದ ಉರಿಯೂತವು ಮೊದಲಿನಂತೆ ಸೌಮ್ಯವಾಗಿಯೇ ಇರುವುದೆಂಬ ಭರವಸೆಯಿಲ್ಲ. ಪಿತ್ತಕೋಶವಿಲ್ಲದೆಯೂ ಮನುಷ್ಯ ಆರೋಗ್ಯವಾಗಿ ಬಾಳಬಲ್ಲ. ಮದ್ಯದಿಂದ ಬಂದದ್ದಾದರೆ ಸಂಪೂರ್ಣ ತ್ಯಾಗವೊಂದೇ ದಾರಿ. ಮಿತಿಯೆಂಬ ಮಾತಿಗೆ ಅಲ್ಲಿ ಎಡೆಯಿಲ್ಲ.

ದೀರ್ಘಕಾಲದ ಉರಿಯೂತ

ಕೆಲವರಲ್ಲಿ ಗ್ರಂಥಿಯು ವರ್ಷಗಟ್ಟಲೆ ನಿಧಾನವಾಗಿ ಸವೆದು ಗಟ್ಟಿಯಾಗುತ್ತದೆ. ಆಗಾಗ ಮರುಕಳಿಸುವ ನೋವು, ತೂಕ ಇಳಿಯುವುದು, ಜಿಡ್ಡಿನಿಂದ ಕೂಡಿ ನೀರಲ್ಲಿ ತೇಲುವ ಮಲ, ಕೊನೆಗೆ ಸಕ್ಕರೆ ಕಾಯಿಲೆ, ಇವು ಅದರ ಲಕ್ಷಣಗಳು. ಮದ್ಯವನ್ನೇ ಕಾಣದ ಎಳೆಯರಲ್ಲಿ, ಗ್ರಂಥಿಯ ನಾಳದಲ್ಲಿ ಕಲ್ಲುಗಳು ಮೂಡುವ ಒಂದು ಬಗೆ ಉಷ್ಣವಲಯದ ನಾಡುಗಳಲ್ಲಿದೆ. ಇದನ್ನು ೧೯೫೯ರಲ್ಲಿ ಜ್ಯೂಡೆಮಾ ಎಂಬ ವೈದ್ಯರು ಇಂಡೋನೇಷ್ಯಾದಲ್ಲಿ ವರದಿ ಮಾಡಿದರು. ಅನಂತರ ಕೇರಳದಲ್ಲಿ ಡಾ. ಗೀವರ್ಗೀಸ್ ಅವರು ನೂರಾರು ರೋಗಿಗಳನ್ನು ಪರೀಕ್ಷಿಸಿ ವಿವರವಾಗಿ ದಾಖಲಿಸಿದರು. ಮರಗೆಣಸಿನ ಸೇವನೆಯೇ ಕಾರಣವೆಂಬ ಊಹೆ ಸಿದ್ಧವಾಗಲಿಲ್ಲ. ವಂಶವಾಹಿಯ ದೋಷದ ಪಾತ್ರವಿರುವುದು ಅನಂತರ ತಿಳಿದುಬಂತು. ಆದ್ದರಿಂದ ಶಾಲೆಗೆ ಹೋಗುವ ಮಗು ಪದೇಪದೇ ಹೊಟ್ಟೆನೋವೆಂದರೆ, ಶಾಲೆ ತಪ್ಪಿಸುವ ನೆಪವೆಂದು ಗದರುವ ಮೊದಲು ಪರೀಕ್ಷಿಸಿ ನೋಡುವುದು ಒಳಿತು.

ನಾಳದ ಕಲ್ಲುಗಳನ್ನು ಹೊರಗಿನಿಂದ ಆಘಾತ ತರಂಗಗಳಿಂದ ಪುಡಿಮಾಡುವ ವಿಧಾನವಿದೆ. ಎಂಡೋಸ್ಕೋಪಿ, ಶಸ್ತ್ರಕ್ರಿಯೆಗಳೂ ಇವೆ. ಜೀರ್ಣಶಕ್ತಿ ಕುಂದಿದವರಿಗೆ ಊಟದ ಜೊತೆಯಲ್ಲಿ ಕಿಣ್ವದ ಗುಳಿಗೆಗಳನ್ನು ಕೊಡುತ್ತಾರೆ. ಈ ಗುಳಿಗೆಗಳು ಸಾಮಾನ್ಯವಾಗಿ ಹಂದಿಯ ಮೇದೋಜೀರಕ ಗ್ರಂಥಿಯಿಂದ ತಯಾರಾದವು ಎಂಬುದನ್ನು ಸಸ್ಯಾಹಾರಿ ಕುಟುಂಬಗಳು ಅರಿತಿರಬೇಕು. ಮನಸ್ಸಿಗೆ ಒಪ್ಪದಿದ್ದರೆ ಗುಟ್ಟಾಗಿ ಬಿಟ್ಟುಬಿಡದೆ, ವೈದ್ಯರೊಡನೆ ಮನಬಿಚ್ಚಿ ಚರ್ಚಿಸಿ ನಿರ್ಧರಿಸಬೇಕು. ಏಕೆಂದರೆ ಕಿಣ್ವವಿಲ್ಲದೆ ಉಂಡ ಅನ್ನ ಮೈಗೆ ಹತ್ತದೆ, ರೋಗಿಯು ದಿನೇದಿನೇ ಕೃಶನಾಗುತ್ತಾನೆ.

ಮನೆಯವರ ಕರ್ತವ್ಯ

ಗುಣಹೊಂದಿ ಮನೆಗೆ ಬಂದವರಿಗೆ ಒಮ್ಮೆಗೇ ಹೆಚ್ಚು ಬಡಿಸದೆ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಬೇಕು. ಕರಿದ ಪದಾರ್ಥಗಳನ್ನು ವೈದ್ಯರು ಹೇಳುವವರೆಗೆ ದೂರವಿಡಬೇಕು. ಬೀಡಿ, ಸಿಗರೇಟು ಮನೆಯೊಳಗೆ ಬರಬಾರದು. ವ್ರತವೆಂದು ನಿರಾಹಾರ ಮಾಡುವ ಮೊದಲು ವೈದ್ಯರನ್ನು ಕೇಳಬೇಕು. ಸಕ್ಕರೆ ಮತ್ತು ಟ್ರೈಗ್ಲಿಸರೈಡ್‌ಗಳನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಿರಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ರೋಗ ಗುಣವಾಯಿತೆಂದು ಮನೆಗೆ ಕಳುಹಿಸುವಾಗ ವೈದ್ಯರನ್ನು ಒಂದು ಪ್ರಶ್ನೆ ಕೇಳಲು ಮರೆಯದಿರಿ: "ಇದು ಯಾವ ಕಾರಣದಿಂದ ಬಂತು?" ಅದಕ್ಕೆ ಬಂದ ಉತ್ತರವನ್ನು ಬರೆದಿಟ್ಟುಕೊಂಡು, ಆ ಕಾರಣವನ್ನು ನಿವಾರಿಸುವ ಕೆಲಸಕ್ಕೆ ಅಂದೇ ತೊಡಗಿರಿ. ನೋವು ನಿಂತ ಮಾತ್ರಕ್ಕೆ ರೋಗ ಹೋಯಿತೆಂದಲ್ಲ. ಕಾರಣ ತೊಲಗಿದಾಗಲೇ ಮನೆಯವರು ನಿಶ್ಚಿಂತರಾಗಿರಬಹುದು.