ಬಳ್ಳಾರಿಯ ಬಿಸಿಲಿಗೆ ತಕ್ಕ ಮದರ್‌ಬೋರ್ಡು

ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಗೆ, ಇನ್ನೊಂದು ಕಡುಬೇಸಗೆ ಎಂಬ ವಿನೋದದ ಮಾತನ್ನು ಈ ಸೀಮೆಯವರು ತಾವೇ ಆಡಿಕೊಂಡು ನಗುವುದುಂಟು. ಏಪ್ರಿಲ್‌, ಮೇ ತಿಂಗಳುಗಳಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ದಾಟುವ ಇಂಥ ಊರಿನಲ್ಲಿ, ಆಟಕ್ಕೂ ಚಿತ್ರರಚನೆಗೂ ಒಂದೇ ಕಂಪ್ಯೂಟರನ್ನು ಜೋಡಿಸಿಕೊಳ್ಳಲು ಹೊರಟ ತರುಣನು ಆ ಮಾತನ್ನು ನಗೆಗೆ ಬಿಡದೆ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಮದರ್‌ಬೋರ್ಡಿನ ವಿಷಯದಲ್ಲಿ ದೊರೆಯುವ ಉಪದೇಶಗಳಲ್ಲಿ ಬಹುಪಾಲು ಹವಾನಿಯಂತ್ರಿತ ಕೋಣೆಗಳಲ್ಲಿ ಪರೀಕ್ಷೆ ಮಾಡಿ ಹೇಳಿದವು. ಕೌಲ್‌ಬಜಾರಿನ ಮಹಡಿಯ ಮೇಲೆ, ಸಂಜೆಯಾದರೂ ಕಾವಾರದ ಆರ್‌ಸಿಸಿ ಚಾವಣಿಯ ಕೆಳಗೆ, ಅದೇ ಬೋರ್ಡು ಬೇರೆಯೇ ಸ್ವಭಾವವನ್ನು ತೋರೀತು.

ಅಂಗಡಿಯಲ್ಲಿ ಗಿರಾಕಿಯ ಕಣ್ಣು ಮೊದಲು ಬೀಳುವುದು ಬಣ್ಣದ ದೀಪಗಳ ಮೇಲೆ. ಬೀಳಬೇಕಾದುದು ಪ್ರೊಸೆಸರಿನ ಸಾಕೆಟ್ಟನ್ನು ಎರಡು ಮಗ್ಗುಲಲ್ಲಿ ಬಳಸಿ ಕುಳಿತ ವಿಆರ್‌ಎಂ ಎಂಬ ವಿದ್ಯುನ್ನಿಯಂತ್ರಕ ಭಾಗದ ಮೇಲೆ. ಪವರ್ ಸಪ್ಲೈಯಿಂದ ಬಂದ 12 ವೋಲ್ಟನ್ನು ಪ್ರೊಸೆಸರು ತಾಳಬಲ್ಲ ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸುವುದು ಅದರ ಕೆಲಸ. 120 ವ್ಯಾಟ್ ಬೇಡುವ ಪ್ರೊಸೆಸರಿಗೆ 1.2 ವೋಲ್ಟಿನಲ್ಲಿ ಹರಿಯಬೇಕಾದ ಪ್ರವಾಹವು 100 ಆಂಪಿಯರ್. ಸಾಧಾರಣ ಮನೆಯೊಂದರ ಮುಖ್ಯ ಎಂಸಿಬಿಯೇ ಬಹುಶಃ 32 ಆಂಪಿಯರಿನದೆಂಬುದನ್ನು ನೆನೆದರೆ, ಅಂಗೈಯಗಲದ ಜಾಗದಲ್ಲಿ ನಡೆಯುವ ಈ ವ್ಯಾಪಾರದ ಪ್ರಮಾಣವು ತಿಳಿದೀತು. ಈ ಇಳಿಸುವಿಕೆಯಲ್ಲಿ ಶೇಕಡ ಹತ್ತರಷ್ಟು ಶಕ್ತಿಯು ಶಾಖವಾಗಿ ವ್ಯಯವಾಗುತ್ತದೆ. ಅದನ್ನು ಹೊರಚೆಲ್ಲುವ ಹೀಟ್‌ಸಿಂಕು ಗಟ್ಟಿಯಾದ ಲೋಹದ್ದೆ, ಸ್ಕ್ರೂ ಹಾಕಿ ಬಿಗಿದದ್ದೆ, ಅಥವಾ ಅಂದಕ್ಕೆಂದು ಹೊದಿಸಿದ ಪ್ಲಾಸ್ಟಿಕ್ಕಿನ ಮುಸುಕೆ ಎಂಬುದನ್ನು ಬೆರಳಿಂದ ಮುಟ್ಟಿ ನೋಡಿಯೇ ತಿಳಿಯಬಹುದು. ಅತ್ಯಂತ ಅಗ್ಗದ ಬೋರ್ಡುಗಳಲ್ಲಿ ಹೀಟ್‌ಸಿಂಕೇ ಇರುವುದಿಲ್ಲ. ಅವು ಈ ಜಿಲ್ಲೆಗೆ ಹೇಳಿದವಲ್ಲ.

ಆಟವಾಡುವವನಿಗೆ ಇಷ್ಟೊಂದು ಚಿಂತೆ ಏಕೆಂದು ಕೇಳಬಹುದು. ಆಟದಲ್ಲಿ ಹೆಚ್ಚಿನ ಭಾರವನ್ನು ಹೊರುವುದು ಗ್ರಾಫಿಕ್ಸ್ ಕಾರ್ಡು. ಪ್ರೊಸೆಸರಿಗೆ ನಡುನಡುವೆ ಉಸಿರಾಡಲು ಬಿಡುವು ಸಿಕ್ಕುತ್ತದೆ. ಆದರೆ ಕುರುಗೋಡಿನ ದೊಡ್ಡಬಸವೇಶ್ವರನ ಬೃಹದಾಕಾರದ ಏಕಶಿಲಾಮೂರ್ತಿಯನ್ನು ಬ್ಲೆಂಡರಿನಲ್ಲಿ ಮೂರು ಆಯಾಮಗಳಲ್ಲಿ ಕಡೆದು, ಅದರ ಮೇಲೆ ಬೆಳಗಿನ ಬೆಳಕನ್ನು ಹಾಯಿಸಿ, ಪ್ರೊಸೆಸರಿನ ಮೇಲೆ ರೆಂಡರಿಗೆ ಹಾಕಿ ಮಲಗಿದವನ ಯಂತ್ರದಲ್ಲಿ ಎಲ್ಲ ಕೋರ್‌ಗಳೂ ರಾತ್ರಿಯಿಡೀ ವಿರಾಮವಿಲ್ಲದೆ ದುಡಿಯುತ್ತವೆ. ವಿಆರ್‌ಎಂ ಕಾದು ಮಿತಿಮೀರಿದಾಗ ಪ್ರೊಸೆಸರು ತಾನಾಗಿ ವೇಗವನ್ನು ತಗ್ಗಿಸಿಕೊಳ್ಳುವುದು. ಕೊಂಡದ್ದು ಎಂಟು ಕೋರಾದರೂ ದಕ್ಕಿದ್ದು ಆರರ ದುಡಿಮೆಯಾದೀತು. ಕೆಪಾಸಿಟರುಗಳ ಆಯುಷ್ಯದ ಲೆಕ್ಕವೂ ಇದಕ್ಕೆ ಹೊಂದುತ್ತದೆ: ಶಾಖವು 10 ಡಿಗ್ರಿ ಏರಿದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಬಾಳಿಕೆಯು ಸ್ಥೂಲವಾಗಿ ಅರ್ಧಕ್ಕಿಳಿಯುವುದು.

ಕುಂಚದ ಕೆಲಸದವನಿಗೆ ಬೇಕಾದುದು ಬೇರೆ. ಎ3 ಹಾಳೆಯನ್ನು 300 ಡಿಪಿಐನಲ್ಲಿ ತೆರೆದರೆ 3508 × 4961 ಬಿಂದುಗಳು. ಬಿಂದುವೊಂದಕ್ಕೆ ನಾಲ್ಕು ಬೈಟಿನಂತೆ ಪೂರ್ತಿ ತುಂಬಿದ ಒಂದು ಪದರಕ್ಕೆ ಸುಮಾರು 70 ಮೆಗಾಬೈಟು, 16 ಬಿಟ್ಟಿನ ವರ್ಣಗಳಾದರೆ ಅದರ ಇಮ್ಮಡಿ. ಅರುವತ್ತು ಪದರಗಳ ಚಿತ್ರವೊಂದು ಹೀಗೆ ಎಂಟು ಗಿಗಾಬೈಟನ್ನು ನುಂಗಿ, ಅನ್‌ಡೂ ಮಾಡಲೆಂದು ಕಾಪಿಟ್ಟ ಹಿಂದಿನ ಗೆರೆಗಳಿಗೆ ಮತ್ತಷ್ಟನ್ನು ಬೇಡುತ್ತದೆ. ಆದುದರಿಂದ ನಾಲ್ಕು ರ‍್ಯಾಮ್ ಸ್ಲಾಟುಗಳುಳ್ಳ ಬೋರ್ಡನ್ನೇ ಆರಿಸಿ, ಸದ್ಯಕ್ಕೆ 16 ಗಿಗಾಬೈಟಿನ ಎರಡನ್ನು ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿಕೊಳ್ಳುವುದು ವಿವೇಕ. ಡಿಡಿಆರ್5ರಲ್ಲಿ ನಾಲ್ಕೂ ಸ್ಲಾಟು ತುಂಬಿದಾಗ ವೇಗವು ತಗ್ಗುವುದುಂಟು. ಚಿತ್ರಕಾರನು ಅದಕ್ಕೆ ಅಂಜಬೇಕಾಗಿಲ್ಲ, ಆಟಗಾರನು ಸ್ವಲ್ಪ ಗೊಣಗಬಹುದು.

ಪಿಸಿಐಇ ಹಾದಿಗಳ ಹಂಚಿಕೆಯು ಮಾರಾಟಗಾರನು ಮುಚ್ಚಿಡುವ, ಇಲ್ಲವೆ ತಾನೇ ಅರಿಯದ ಸಂಗತಿ. ಪ್ರೊಸೆಸರಿನಿಂದ ಸಾಮಾನ್ಯವಾಗಿ 16 ಹಾದಿಗಳು ಗ್ರಾಫಿಕ್ಸ್ ಕಾರ್ಡಿಗೂ ನಾಲ್ಕು ಮೊದಲನೆಯ ಎಂ.2 ಡಿಸ್ಕಿಗೂ ನೇರವಾಗಿ ಹೋಗುತ್ತವೆ. ಎರಡನೆಯ ಡಿಸ್ಕು, ಸಾಟಾ, ಯುಎಸ್‌ಬಿಯ ಹೆಚ್ಚಿನ ಪೋರ್ಟುಗಳು ಬಹುಮಟ್ಟಿಗೆ ಚಿಪ್‌ಸೆಟ್ಟಿನ ಒಂದೇ ಮಾರ್ಗವನ್ನು ಹಂಚಿಕೊಳ್ಳತಕ್ಕವು. ತುಂಗಭದ್ರೆಯ ಕಾಲುವೆಯಲ್ಲಿ ಮೇಲ್ಭಾಗದವನು ತೂಬು ತೆರೆದಾಗ ಕೊನೆಯಂಚಿನ ಗದ್ದೆಗೆ ಏನಾಗುವುದೆಂದು ಸಿರುಗುಪ್ಪದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಯೂ ಅದೇ ನ್ಯಾಯ. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ತುಂಬಿದೊಡನೆ ಒಂದೆರಡು ಸಾಟಾ ಪೋರ್ಟುಗಳು ಸುಮ್ಮನಾಗುವುವು. ಕೈಪಿಡಿಯ ಸಣ್ಣಕ್ಷರಗಳಲ್ಲಿ ಇದು ಅಚ್ಚಾಗಿರುತ್ತದೆ. ಹಣ ಕೊಡುವ ಮುನ್ನವೇ ಓದುವುದು ಲೇಸು.

ಸಾಕೆಟ್ಟಿನ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಇಂಟೆಲ್ಲಿನ ಎಲ್‌ಜಿಎ 1700 ಸಾಕೆಟ್ಟು 2021ರಲ್ಲಿ ಬಂದು, 2024ರಲ್ಲಿ ಎಲ್‌ಜಿಎ 1851ಕ್ಕೆ ಸ್ಥಳ ಬಿಟ್ಟಿತು. ಎಎಮ್‌ಡಿಯು 2022ರ ಎಎಂ5 ಸಾಕೆಟ್ಟನ್ನು 2027ರವರೆಗಾದರೂ ನಡೆಸುವುದಾಗಿ ಮಾತು ಕೊಟ್ಟಿದೆ. ಒಮ್ಮೆ ಬೋರ್ಡು ಕೊಂಡು ಮುಂದೆ ಪ್ರೊಸೆಸರನ್ನಷ್ಟೇ ಬದಲಿಸಬೇಕೆಂಬ ಮಧ್ಯಮವರ್ಗದ ಮನೆಗೆ ಎರಡನೆಯದೇ ಹಿತವೆಂದು ನನ್ನ ಅಭಿಪ್ರಾಯ.

ಇನ್ನು ಧೂಳು. ಸಂಡೂರಿನ ಅದಿರನ್ನು ಹೊತ್ತ ಲಾರಿಗಳು ಓಡಾಡಿದ ದಾರಿಗಳ ಕೆಂಧೂಳು, ಸಿರುಗುಪ್ಪದ ಅಕ್ಕಿ ಗಿರಣಿಗಳ ಸುತ್ತ ಹಾರುವ ಹೊಟ್ಟಿನ ನುಸಿ, ಇವೆರಡೂ ಹೀಟ್‌ಸಿಂಕಿನ ಹಲ್ಲುಗಳ ನಡುವೆ ಮೆತ್ತಿಕೊಂಡು, ಮಳೆಗಾಲದ ತೇವವನ್ನು ಹೀರಿ, ಗಾಳಿಗೆ ಅಡ್ಡವಾಗುತ್ತವೆ. ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಬಿಚ್ಚಿ ತೊಳೆಯಬಲ್ಲ ಜಾಲರಿಯಿರಬೇಕು. ಬೋರ್ಡಿನಲ್ಲಿ ಮೂರು ನಾಲ್ಕಾದರೂ ಫ್ಯಾನ್ ಹೆಡರುಗಳಿರಬೇಕು. ಅದಕ್ಕಿಂತ ಮುಖ್ಯವಾದುದು ಅರ್ಥಿಂಗು. ಕಡುಬೇಸಗೆಯಲ್ಲಿ ಈ ಮಣ್ಣು ಒಣಗಿ ಬಿರಿದಾಗ ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಯ ತಡೆಯು ಏರುವುದು. ಆಗ ಪೆನ್ ಟ್ಯಾಬ್ಲೆಟ್ಟಿನ ಮೇಲೆ ನೇರವಾಗಿ ಎಳೆದ ಗೆರೆಯು ಪರದೆಯಲ್ಲಿ ನಡುಗುವುದನ್ನು ಕಾಣಬಹುದು. ಟ್ಯಾಬ್ಲೆಟ್ಟು ಕೆಟ್ಟಿತೆಂದು ದೂರುವ ಮೊದಲು ಗುಂಡಿಗೆ ಎರಡು ಕೊಡ ನೀರು ಸುರಿದು ನೋಡತಕ್ಕದ್ದು. ಪಂಪುಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜು ಕುಸಿಯುವ ಹಳ್ಳಿಗಳಲ್ಲಿ ಯುಪಿಎಸ್ ಇಲ್ಲದೆ ಇಂಥ ಯಂತ್ರವನ್ನು ನಡೆಸುವುದು ದುಸ್ಸಾಹಸವೇ ಸರಿ.

ಒಟ್ಟಿನಲ್ಲಿ, ಈ ಸೀಮೆಯ ಆಟಗಾರ ಚಿತ್ರಕಾರನಿಗೆ ಅತ್ಯುನ್ನತ ಚಿಪ್‌ಸೆಟ್ಟು ಬೇಡ. ಬಿ650ರಂಥ ಮಧ್ಯಮ ದರ್ಜೆಯ, 244 ಮಿಲಿಮೀಟರ್ ಚೌಕದ ಮೈಕ್ರೋ ಎಟಿಎಕ್ಸ್ ಬೋರ್ಡು, ಗಟ್ಟಿ ಹೀಟ್‌ಸಿಂಕಿನೊಡನೆ, ಸಾಕು. ಉಳಿದ ಹಣವು ರ‍್ಯಾಮಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಲ್ಲಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಬಳ್ಳಾರಿಯಲ್ಲೇ ಕೊಂಡರೂ ಪೆಟ್ಟಿಗೆಯನ್ನು ಅಂಗಡಿಯವನ ಎದುರಿಗೇ ತೆರೆದು, ಸಾಕೆಟ್ಟಿನ ಪಿನ್ನುಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಬಾಗಿದ ಪಿನ್ನಿಗೆ ವಾರಂಟಿಯು ಅನ್ವಯಿಸದು. ಬಿಲ್ಲಿನೊಡನೆ ಸಾಕೆಟ್ಟಿನ ಕರಿಯ ಪ್ಲಾಸ್ಟಿಕ್ ಮುಚ್ಚಳವನ್ನೂ ಜೋಪಾನವಾಗಿಡಿ: ಅದಿಲ್ಲದೆ ಕಳುಹಿಸಿದ ಬೋರ್ಡನ್ನು ಸರ್ವಿಸ್ ಕೇಂದ್ರಗಳು ಹಿಂದಿರುಗಿಸುವುದುಂಟು.